ಹಿಡಿದು ಬಿಟ್ಟರೆ ಅಹಿಂಸೆಯೇ?

ಅಮೆರಿಕದ ದಕ್ಷಿಣ ರಾಜ್ಯಗಳಾದ ಲೂಸಿಯಾನಾ, ಜಾರ್ಜಿಯಾ, ಕೆರೊಲಿನಾಗಳ ನಿಧಾನಗತಿಯ ಹೊಳೆಗಳಲ್ಲೂ ಜೌಗು ತೊರೆಗಳಲ್ಲೂ ಬೋಫಿನ್ ಎಂಬ ಮೀನು ವಾಸಿಸುತ್ತದೆ. ಡೈನೋಸಾರ್‌ಗಳ ಕಾಲದ ಪುರಾತನ ಮತ್ಸ್ಯಕುಲವೊಂದರ ಕೊನೆಯ ಉಳಿಕೆ ಇದು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ. ವಸಂತದಲ್ಲಿ ಗಂಡುಮೀನು ಜಲಸಸ್ಯಗಳ ನಡುವೆ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುತ್ತದೆ. ಮರಿಗಳಾದ ಮೇಲೂ ಕೆಲವು ವಾರ ಅವುಗಳ ಜೊತೆಗಿದ್ದು, ಸಮೀಪಿಸಿದ್ದರ ಮೇಲೆರಗುತ್ತದೆ.

ಇಂಥ ಜೀವಿಯನ್ನು ಅಲ್ಲಿಯ ಗಾಳಗಾರರು ಬಹುಕಾಲ ‘ಕಸದ ಮೀನು’ ಎಂದು ಕರೆದರು. ಮಾಂಸ ಮೆತ್ತಗೆ, ತಮಗೆ ಬೇಕಾದ ಮೀನುಗಳನ್ನು ತಿಂದುಹಾಕುತ್ತದೆ ಎಂಬುದು ದೂರು. ಗಾಳಕ್ಕೆ ಸಿಕ್ಕಿದ್ದನ್ನು ದಡಕ್ಕೆಸೆದು ಸಾಯಲು ಬಿಟ್ಟವರೂ ಉಂಟು. ಜೈನದೃಷ್ಟಿಯಲ್ಲಿ ಮೀನು ಪಂಚೇಂದ್ರಿಯ ಜಲಚರ. ನಮ್ಮ ನಾಲಗೆಗೆ ಒಗ್ಗದ್ದೆಂಬ ಕಾರಣಕ್ಕೆ ಯಾವ ಜೀವವೂ ಕೆಳಗಿಳಿಯುವುದಿಲ್ಲ.

ಈಚೆಗೆ ಬೋಫಿನ್ನಿನ ಸೆಣಸಾಟವನ್ನು ಮೆಚ್ಚಿ ಅದನ್ನೇ ಅರಸಿ ಹೋಗುವವರಿದ್ದಾರೆ. ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಾರೆ. ಆ ಸೀಮೆಯಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳಿಗೂ ಸಹೋದ್ಯೋಗಿಗಳ ಆಹ್ವಾನ ಬರಬಹುದು: “ಕೊಲ್ಲುವುದಿಲ್ಲವಲ್ಲ, ಬನ್ನಿ.” ಶ್ರಾವಕನ ಉತ್ತರವೇನು?

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಎಣಿಸುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಗಮನಿಸಿ, ಸಾವಿನ ಮಾತು ಇಲ್ಲಿಲ್ಲ. ಗಾಳದ ಮೊನೆ ಬಾಯನ್ನು ಚುಚ್ಚುವುದೂ ದಾರ ಜೀವವನ್ನು ತಡೆದಿಡುವುದೂ ಬಿಡುಗಡೆಗೆ ಮೊದಲೇ ಮುಗಿದಿರುತ್ತವೆ. ಅಡುಗೆಯ ಒಲೆಯಲ್ಲಿ, ಹೊಲದ ಉಳುಮೆಯಲ್ಲಿ ಆಗುವ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಅವನು ಮೊದಲು ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆ. ವಿನೋದದ ಗಾಳದಲ್ಲಿ ಒಲೆಯೂ ಇಲ್ಲ, ಉದ್ಯೋಗವೂ ಇಲ್ಲ, ಸಂಕಲ್ಪವೊಂದೇ ಇದೆ. ಆಟವೆಂದು ನಾವು ಕರೆಯುವುದು ಮೀನಿನ ಪಾಲಿಗೆ ಪ್ರಾಣಭಯ.

ಹಾಗಾದರೆ ಬಿಡುವುದಕ್ಕೆ ಬೆಲೆಯೇ ಇಲ್ಲವೇ? ಜೈನ ಕಥಾಪರಂಪರೆಯ ಮೃಗಸೇನನನ್ನು ನೆನೆಯಬೇಕು. ಬೆಸ್ತನಾದ ಅವನಿಗೆ ಮುನಿಗಳು ಕೊಟ್ಟ ವ್ರತ ಚಿಕ್ಕದು: ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡು. ಅಂದು ಬಿಟ್ಟ ಮೀನೇ ಮತ್ತೆ ಮತ್ತೆ ಬಲೆಗೆ ಬಿತ್ತು. ಪ್ರತಿ ಸಲವೂ ಬಿಟ್ಟು, ಬರಿಗೈಯಲ್ಲಿ ಮರಳಿದವನನ್ನು ಹೆಂಡತಿ ಮನೆಯೊಳಗೆ ಸೇರಿಸಲಿಲ್ಲ. ಆ ಬಿಡುಗಡೆಗೆ ಅವನು ತೆತ್ತದ್ದು ಅಂದಿನ ಅನ್ನವನ್ನು. ಚಿತ್ರ ಕೈಗೆ ಬಂದ ಮೇಲೆ ಮೀನನ್ನು ಬಿಡುವವನು ಏನನ್ನು ತೆತ್ತ? ಅವನು ತೂಗುತ್ತಿರುವಷ್ಟು ಹೊತ್ತು ಗೂಡಿಗೆ ಕಾವಲಿಲ್ಲ.

ಕೃತ, ಕಾರಿತಗಳಂತೆ ಅನುಮೋದನೆಯೂ ಆಸ್ರವಕ್ಕೆ ದಾರಿ. ಆದ್ದರಿಂದ ಗೆಳೆಯನ ಚಿತ್ರ ತೆಗೆದುಕೊಡುವ ಕೆಲಸವನ್ನೂ ನಯವಾಗಿ ನಿರಾಕರಿಸಬೇಕಾದೀತು. ಹೊಳೆಗೆ ಹೋಗಬಾರದೆಂದಲ್ಲ. ತಂದೆಮೀನಿನ ಸುತ್ತ ಕಪ್ಪು ಮರಿಗಳ ಹಿಂಡು ಸಾಗುವುದನ್ನು ದೋಣಿಯಲ್ಲಿ ಕುಳಿತೇ ನೋಡಬಹುದು.