ಜಮಖಾನ ಹಾಸುವವರು

ಚೈತ್ರದ ಸಂಜೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರದಡಿ ಕುಳಿತು, ವಿದ್ವಾಂಸರು ತಂಬೂರಿಯ ಶ್ರುತಿಯನ್ನು ಕೂಡಿಸಿಕೊಳ್ಳುವುದನ್ನೇ ನಿರೀಕ್ಷಿಸುತ್ತಿರುವ ರಸಿಕನಿಗೆ, ಆ ಒಂದು ಶ್ರುತಿ ಕೂಡುವುದಕ್ಕೆ ಮುಂಚೆ ಎಷ್ಟು ಮಂದಿಯ ಎಷ್ಟು ತಿಂಗಳ ದುಡಿಮೆ ಒಂದುಗೂಡಬೇಕಾಯಿತೆಂಬ ವಿಚಾರ ಮನಸ್ಸಿಗೆ ಬರುವುದು ಅಪೂರ್ವ. ಅಲ್ಲಿ ರಾಮನವಮಿಯ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿರುವ ಶ್ರೀ ರಾಮಸೇವಾ ಮಂಡಳಿಯನ್ನು 1939ರಲ್ಲಿ ಸ್ಥಾಪಿಸಿದ ಎಸ್. ವಿ. ನಾರಾಯಣಸ್ವಾಮಿ ರಾಯರು ಆಗಿನ್ನೂ ಎಳೆಯ ಹುಡುಗರು. ಅವರ ಆ ಹುಡುಗತನದ ಉತ್ಸಾಹವೇ ಮುಂದೆ ಎಂ. ಎಸ್. ಸುಬ್ಬುಲಕ್ಷ್ಮಿಯವರನ್ನೂ ಭೀಮಸೇನ ಜೋಶಿಯವರನ್ನೂ ಪೇಟೆಯ ಸಾಮಾನ್ಯ ಜನರ ಎದುರಿಗೆ ತಂದು ಕೂರಿಸಿತು.

ನಮ್ಮ ನಾಡಿನ ಸಂಗೀತಜೀವನದ ಬಹುಭಾಗ ಇಂತಹ ಸ್ವಪ್ರಯತ್ನದಿಂದಲೇ ನಡೆದುಬಂದಿದೆ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಬಿಡಾರಂ ಕೃಷ್ಣಪ್ಪನವರು ಅರಮನೆಯ ಮನ್ನಣೆಯೊಂದರಿಂದಲೇ ತೃಪ್ತರಾಗಿ ಕೂಡದೆ, ಊರಿನವರು ಕುಳಿತು ಕೇಳುವುದಕ್ಕೊಂದು ಎಡೆ ಬೇಕೆಂದು ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಅದೇ ಊರಿನ ವಾಣಿವಿಲಾಸ ಮೊಹಲ್ಲಾದ ಎಂಟನೆಯ ಕ್ರಾಸಿನವರು ಗಣೇಶನ ಹಬ್ಬದ ದಿನಗಳಲ್ಲಿ ತಮ್ಮ ರಸ್ತೆಯನ್ನೇ ಸಭಾಂಗಣವನ್ನಾಗಿ ಮಾಡಿದರು. ಉತ್ತರದ ಕುಂದಗೋಳದಲ್ಲಿ ನಾಡಿಗೇರ ಮನೆತನದ ವಾಡೆಯು ಗಾಯಕ ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಸಂಗೀತಕ್ಕೆ ನೆಲೆಯಾಯಿತು. ಇವು ಹೆಸರು ಪಡೆದವು; ಇವುಗಳ ನೆರಳಿನಲ್ಲಿ ಹುಟ್ಟಿ, ಹೆಸರಿಲ್ಲದೆಯೇ ಹತ್ತಾರು ವರ್ಷ ನಡೆದು, ಹೆಸರಿಲ್ಲದೆಯೇ ನಿಂತುಹೋದ ಬಡಾವಣೆಯ ಮಂಡಳಿಗಳ ಲೆಕ್ಕವನ್ನು ಇಟ್ಟವರಿಲ್ಲ.

ಇಂತಹ ಮಂಡಳಿಯನ್ನು ನಡೆಸುವುದೆಂದರೆ ಏನೆಂಬುದನ್ನು ನಡೆಸಿದವರೇ ಬಲ್ಲರು. ರಸೀತಿ ಪುಸ್ತಕವನ್ನು ಹಿಡಿದು ಮನೆಮನೆಯ ಮೆಟ್ಟಿಲು ಹತ್ತಬೇಕು. ನೂರು ರೂಪಾಯಿ ಕೊಟ್ಟವರಿಗೂ, ಮುಂದಿನ ವಾರ ಬನ್ನಿರೆಂದವರಿಗೂ ಒಂದೇ ಮುಖದಿಂದ ನಮಸ್ಕರಿಸಬೇಕು. ಪೊಲೀಸು ಠಾಣೆಯ ಅನುಮತಿ, ನಗರಸಭೆಯ ಅನುಮತಿ, ವಿದ್ಯುತ್ತಿನ ತಾತ್ಕಾಲಿಕ ಸಂಪರ್ಕ ಇವಕ್ಕಾಗಿ ಅಲೆಯಬೇಕು. ಗಾಯಕರ ದಿನ ದೊರೆತರೆ ಮೃದಂಗದವರ ದಿನ ದೊರೆಯದು, ಇಬ್ಬರೂ ದೊರೆತ ಸಂಜೆ ಭಾದ್ರಪದದ ಮಳೆ ಶಾಮಿಯಾನವನ್ನು ತೋಯಿಸೀತು. ಕಚೇರಿ ಮುಗಿದು ಶ್ರೋತೃಗಳು ರಾಗದ ಸ್ಮರಣೆಯಲ್ಲಿ ಮನೆಗೆ ನಡೆಯುತ್ತಿರುವಾಗ, ಜಮಖಾನಗಳನ್ನು ಕೊಡವಿ ಮಡಿಸಿ, ಕುರ್ಚಿಗಳನ್ನು ಪೇರಿಸಿ, ಪಾನಕದ ಲೋಟಗಳನ್ನು ಆಯ್ದು, ಅಂದಿನ ಲೆಕ್ಕವನ್ನು ಬರೆದಿಡುವ ನಾಲ್ಕಾರು ಜನ ಅಲ್ಲಿ ಉಳಿದಿರುತ್ತಾರೆ. ಎಷ್ಟೋ ಸಲ ಅವರು ಒಂದು ಕೃತಿಯನ್ನಾದರೂ ಆದ್ಯಂತವಾಗಿ ಕೇಳಿರುವುದಿಲ್ಲ. ನಾವು ಉಚಿತವೆಂದು ಕರೆಯುವ ಸಂಗೀತಕ್ಕೆ ಬೆಲೆ ಕೊಟ್ಟವರು ಅವರು.

ಈಗ ಆ ನಾಲ್ಕಾರು ಜನರ ಭಾರ ಹೆಚ್ಚಿದೆ. ಅಂಗಳವಿದ್ದ ಮನೆಗಳು ಹೋಗಿ ಬಹುಮಹಡಿಯ ಕಟ್ಟಡಗಳು ಎದ್ದಿರುವೆಡೆಗಳಲ್ಲಿ ರಸೀತಿ ಪುಸ್ತಕವು ಕಾವಲುಗಾರನ ಬಾಗಿಲನ್ನು ದಾಟಲಾರದು. ರಾತ್ರಿ ಹತ್ತು ಗಂಟೆಯ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮವು ನಿದ್ರೆಯ ಹಕ್ಕುಳ್ಳ ನೆರೆಯವರ ದೃಷ್ಟಿಯಿಂದ ನ್ಯಾಯವಾದುದೇ. ಆದರೆ ಕಚೇರಿಯ ಕಾಲ ಅದರಿಂದ ಸಂಕುಚಿತವಾಯಿತು. ಚಂದಾ ಕುಗ್ಗಿದಲ್ಲಿ ಪ್ರಾಯೋಜಕರನ್ನು ಆಶ್ರಯಿಸಬೇಕಾಗುತ್ತದೆ. ಪ್ರಾಯೋಜಕನಿಗೆ ಬೇಕಾದದ್ದು ಜನಸಂದಣಿ. ಜನಸಂದಣಿಯನ್ನು ಸೆಳೆಯುವುದು ಪ್ರಖ್ಯಾತರ ಹೆಸರು. ಪ್ರಖ್ಯಾತರ ಸಂಭಾವನೆ ಹೆಚ್ಚು. ಆ ಸಂಭಾವನೆಯನ್ನು ತೆತ್ತಮೇಲೆ, ಬಡಾವಣೆಯಲ್ಲಿಯೇ ಹತ್ತು ವರ್ಷ ಪಾಠ ಹೇಳಿಸಿಕೊಂಡು ವೇದಿಕೆಗಾಗಿ ಕಾದಿರುವ ಹುಡುಗಿಯ ಪಾಲಿಗೆ ದಿನವೂ ಉಳಿಯದು, ದುಡ್ಡೂ ಉಳಿಯದು. ಹೀಗೆ ಮಂಡಳಿಯು ಬದುಕಿದ್ದೂ ತಾನು ಹುಟ್ಟಿದ ಉದ್ದೇಶವನ್ನು ಕಳೆದುಕೊಳ್ಳುತ್ತದೆ.

ಈ ಸಂಕಟವು ನಮ್ಮ ಸಂಪ್ರದಾಯ ಸಂಗೀತಕ್ಕೆ ಮಾತ್ರ ಒದಗಿದ್ದೆಂದು ಭಾವಿಸಲಾಗದು. ಅಮೆರಿಕದ ಬರ್ಕ್‌ಲಿ ನಗರದ ಗಿಲ್ಮನ್ ರಸ್ತೆಯ 924ನೆಯ ಸಂಖ್ಯೆಯ ಕಟ್ಟಡದಲ್ಲಿ, ನಮ್ಮ ಕಿವಿಗೆ ಕರ್ಕಶವೆನ್ನಿಸಬಹುದಾದ ಪಂಕ್ ಸಂಗೀತದ ಪ್ರೇಮಿಗಳು 1986ರ ಡಿಸೆಂಬರ್ 31ರಂದು ಒಂದು ಸಂಗೀತ ಸಭಾಂಗಣವನ್ನು ತೆರೆದರು. ಎಲ್ಲ ವಯಸ್ಸಿನವರಿಗೂ ಅಲ್ಲಿ ಪ್ರವೇಶ, ಮದ್ಯಕ್ಕೆ ನಿಷೇಧ, ಬಾಗಿಲು ಕಾಯುವುದರಿಂದ ಹಿಡಿದು ನೆಲ ಗುಡಿಸುವವರೆಗೆ ಕೆಲಸವೆಲ್ಲ ಸ್ವಯಂಸೇವಕರದು, ನಿರ್ಣಯಗಳೆಲ್ಲ ಸದಸ್ಯರ ಸಭೆಯದು. ಎರಡು ವರ್ಷ ತುಂಬುವ ಮೊದಲೇ, 1988ರಲ್ಲಿ, ಮೂಲ ಸಂಘಟಕರು ಬಳಲಿ ಬಾಗಿಲು ಮುಚ್ಚಿದರು. ಆಗ ಉಳಿದ ಸ್ವಯಂಸೇವಕರು ಕೈಕಟ್ಟಿ ಕೂಡದೆ ಕೆಲವೇ ತಿಂಗಳಲ್ಲಿ ಅದನ್ನು ಮತ್ತೆ ತೆರೆದು, ಏರುವ ಬಾಡಿಗೆಯೊಡನೆ ಹೆಣಗುತ್ತ ದಶಕಗಳ ಕಾಲ ನಡೆಸಿದರು. ಜಗತ್ಪ್ರಸಿದ್ಧವಾದ ಗ್ರೀನ್ ಡೇ ತಂಡವು ತನ್ನ ಎಳವೆಯಲ್ಲಿ ನುಡಿಸಿದ್ದು ಅಲ್ಲಿಯೇ. ಸ್ಥಾಪಕರು ಕೈಬಿಟ್ಟ ದಿನ ಎತ್ತಿಕೊಳ್ಳುವ ಬೇರೆ ಕೈಗಳು ಸಿದ್ಧವಾಗಿದ್ದವು. ಅವರ ರಾಗ ನಮಗೆ ಒಪ್ಪಲಿ ಬಿಡಲಿ, ಈ ಒಂದು ಪಾಠವನ್ನು ನಾವು ಕಲಿಯತಕ್ಕದ್ದು.

ಏಕೆಂದರೆ ನಮ್ಮಲ್ಲಿ ಮಂಡಳಿಗಳಿಗೆ ಅಂತಿಮವಾದ ಪೆಟ್ಟು ಬೀಳುವುದು ಉತ್ತರಾಧಿಕಾರದ ವಿಷಯದಲ್ಲಿ. ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವರು ಪ್ರೀತಿಯಿಂದಲೇ ಎಲ್ಲ ಕೆಲಸವನ್ನೂ ತಮ್ಮ ತಲೆಯ ಮೇಲೆ ಹೊತ್ತಿರುತ್ತಾರೆ. ಆ ಪ್ರೀತಿಯ ಕಾರಣದಿಂದಲೇ ಕಿರಿಯರ ಕೈಗೆ ಬೀಗದ ಕೈಯನ್ನು ಕೊಡಲು ಹಿಂಜರಿಯುತ್ತಾರೆ. ಕಿರಿಯರು, ಹಿರಿಯರು ಹೇಗೂ ಇದ್ದಾರಲ್ಲ ಎಂದು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಒಂದು ದಿನ ಹಿರಿಯರ ಕಾಲು ಸೋಲುತ್ತದೆ. ಆ ವರ್ಷ ಚಪ್ಪರ ಏಳುವುದಿಲ್ಲ. ಮರುವರ್ಷ ಯಾರೂ ಕೇಳುವುದಿಲ್ಲ.

ಆದಕಾರಣ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು: ನಿಮ್ಮ ದೇಹದಲ್ಲಿ ಶಕ್ತಿಯಿರುವಾಗಲೇ ಲೆಕ್ಕದ ಪುಸ್ತಕವನ್ನು ಕಿರಿಯರಿಗೆ ಒಪ್ಪಿಸಿ, ಅವರು ತಪ್ಪುವಾಗ ಪಕ್ಕದಲ್ಲಿ ನಿಂತಿರಿ; ಉತ್ಸವದಲ್ಲಿ ಒಂದು ಸಂಜೆಯನ್ನಾದರೂ ಬಡಾವಣೆಯ ಹೊಸ ಕಂಠಗಳಿಗೆ ಮೀಸಲಿಡಿ. ನಗರಸಭೆಗಳು ತಮ್ಮ ಸಮುದಾಯ ಭವನಗಳನ್ನು ಈ ಮಂಡಳಿಗಳಿಗೆ ಅಲ್ಪ ಬಾಡಿಗೆಗೆ ಕೊಡುವುದು ಧರ್ಮ. ಇನ್ನು ರಸಿಕರಲ್ಲಿ: ಈ ಸಲ ನಿಮ್ಮ ಬೀದಿಯ ಕಚೇರಿಗೆ ಹೋದಾಗ ಮಂಗಳ ಹಾಡಿದೊಡನೆ ಏಳಬೇಡಿ. ಅರ್ಧ ಗಂಟೆ ನಿಂತು, ಜಮಖಾನದ ಒಂದು ತುದಿಯನ್ನು ಹಿಡಿಯಿರಿ. ಇನ್ನೊಂದು ತುದಿಯನ್ನು ಹಿಡಿದವರು ಬಹಳ ವರ್ಷಗಳಿಂದ ನಿಮಗಾಗಿ ಕಾಯುತ್ತಿದ್ದಾರೆ.