ಕೂಸು ತಪ್ಪು ಮಾತಾಡಿದರೆ...



ಮೊನ್ನೆ ಧಾರವಾಡದ ಮಾಳಮಡ್ಡಿಯಲ್ಲಿ ಗೆಳತಿಯ ಮನೆಗೆ ಹೋಗಿದ್ದೆ. ಆಕೆಯ ಮೂರು ವರ್ಷದ ಮೊಮ್ಮಗ ಓಡಿ ಬಂದು, "ಕಾಕಾ ಪೇಢೆ ಕೊಡಿದಾ!" ಅಂದ. "ಕೊಡಿದಾ ಅಲ್ಲೋ, ಕೊಟ್ಟಾ ಅನ್ನು" ಎಂದು ತಾಯಿ ಗದರಿಸಿ ಬೆನ್ನಿಗೊಂದು ಏಟು ಹಾಕಿದಳು. ಆಮೇಲೆ ಕೂಸು ಬಾಯಿ ಬಿಡಲೇ ಇಲ್ಲ.

ಬಹುಮಾನ ಸಿಕ್ಕ ನಡತೆ ಗಟ್ಟಿಯಾಗುತ್ತದೆಂದು ಅಮೆರಿಕದ ಸ್ಕಿನ್ನರ್ ಇಲಿ, ಪಾರಿವಾಳಗಳಿಂದ ತೋರಿಸಿದ್ದರು. ಶಿಕ್ಷೆಯನ್ನು ಅವರೂ ಮೆಚ್ಚಲಿಲ್ಲ. ಮಾತೂ ಹಾಗೆಯೇ ಬರುತ್ತದೆಂದು 1957ರಲ್ಲಿ ಪುಸ್ತಕ ಬರೆದರು. ಎಂದೂ ಕೇಳದ ಮಾತನ್ನು ಮಗು ಆಡುವುದು ಹೇಗೆ ಎಂದು ಚಾಮ್‌ಸ್ಕಿ 1959ರಲ್ಲಿ ಅದನ್ನು ಟೀಕಿಸಿದರು. ಇಂಥ ಪ್ರಶ್ನೆಗಳಿಂದಲೇ ಮನಶ್ಶಾಸ್ತ್ರಜ್ಞರು ನಡತೆಯ ಹಿಂದಿರುವ ವಿಚಾರವನ್ನೂ ನೋಡತೊಡಗಿದರು.

ನೀವೇ ನೋಡಿರಿ. "ಕೊಡಿದಾ" ಎಂದು ಆ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಮಾಡಿದಾ, ಹಾಡಿದಾ, ಓಡಿದಾ ಕೇಳಿ ಕೂಸು ತಾನೇ ಒಂದು ನಿಯಮ ಕಟ್ಟಿಕೊಂಡಿದೆ. ಅದು ಬುದ್ಧಿ ಓಡುತ್ತಿರುವ ಗುರುತವ್ವಾ!

ಆದ್ದರಿಂದ ಗದರಬೇಡಿರಿ. "ಹೌದಾ, ಕಾಕಾ ಪೇಢೆ ಕೊಟ್ಟಾ? ನನಗೂ ಒಂಚೂರು ಕೊಡು" ಅನ್ನಿರಿ. ಸರಿಯಾದ ಮಾತು ಕಿವಿಗೆ ಬೀಳುತ್ತದೆ, ಮಾತಾಡುವ ಹುರುಪೂ ಉಳಿಯುತ್ತದೆ.