ಬಿಸಿಲಲ್ಲಿ ಚಳಿ ಎಂದ ಕಾರು

ಮಕ್ಕಳೇ, ಅವರ ಅಜ್ಜ-ಅಜ್ಜಿಯರೇ,

ಹೋದ ಮೇ ತಿಂಗಳು ಕುಷ್ಟಗಿಯ ಬೀಗರ ಮನೆಯಲ್ಲಿ ಒಂದು ಕಾರ್ಯವಿತ್ತು. ಕೊಪ್ಪಳದಿಂದ ಹೊರಟು ಅರ್ಧ ದಾರಿ ಬಂದಿರಲಿಲ್ಲ, ಕಾರಿನ ಏಸಿ ಬಿಸಿ ಗಾಳಿ ಊದತೊಡಗಿತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮನೆಯಾಕೆಗೆ ಬಿಪಿ ಬೇರೆ. ಅವಳ ಮುಖ ಬಾಡಿದ್ದು ಕಂಡು ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ ಮಜ್ಜಿಗೆ ಕುಡಿಸಿದೆವು. ಕಾರ್ಯಕ್ಕೆ ಹೋಗದೆ, ಸಂಜೆ ತಂಪು ಹೊತ್ತಿನಲ್ಲಿ ಮನೆಗೆ ತಿರುಗಿದೆವು.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಬಾನೆಟ್ ಎತ್ತಿ ಒಂದು ನಿಮಿಷ ನೋಡಿದವರು, "ಕಂಪ್ರೆಸರ್ ಹೋಗೇತ್ರಿ, ಹೊಸಾದು ಹಾಕಬೇಕು" ಎಂದರು. ಹೇಳಿದ ದುಡ್ಡು ನನ್ನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು. ಆದರೂ ಹೂಂ ಅನ್ನುವವನಿದ್ದೆ. ಏಳನೇ ತರಗತಿಯ ಮೊಮ್ಮಗಳು ಜುಬ್ಬಾ ಜಗ್ಗಿ ಕೇಳಿದಳು: "ಅಜ್ಜಾ, ಕಂಪ್ರೆಸರೇ ಕೆಟ್ಟೈತಿ ಅಂತ ಅವರಿಗೆ ಹೆಂಗ ಗೊತ್ತಾತು?"

ನನ್ನಲ್ಲಿ ಉತ್ತರವಿರಲಿಲ್ಲ. ಬ್ಯಾಂಕಿನ ಒಂದು ಹಳೆಯ ಸಂಜೆ ಮಾತ್ರ ನೆನಪಾಯಿತು. ಅಂದು ದಿನದ ಲೆಕ್ಕಕ್ಕೆ ನಗದು 270 ರೂಪಾಯಿ ಕಡಿಮೆ. ಕ್ಯಾಶ್ ಕೌಂಟರಿನಲ್ಲಿ ಹೊಸದಾಗಿ ಸೇರಿದ ಹುಡುಗನಿದ್ದ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಕಣ್ಣೂ ಅವನ ಮೇಲೆಯೇ. ರಾತ್ರಿ ಎಂಟಾಯಿತು, ಹುಡುಗನ ಕಣ್ಣು ತುಂಬಿತ್ತು. ಕೊನೆಗೆ ನೋಡಿದರೆ, ಜಮಾ ಆದ 580ನ್ನು ಪುಸ್ತಕದಲ್ಲಿ 850 ಎಂದು ಬರೆದವನು ನಾನೇ! ದುಡ್ಡು ಸರಿಯಿತ್ತು, ದುಡ್ಡಿನ ಸುದ್ದಿ ಹೇಳುವ ಪುಸ್ತಕ ತಪ್ಪಿತ್ತು.

ಅದಕ್ಕೇ ಕಂಪ್ರೆಸರಿಗೆ ಶಿಕ್ಷೆ ಕೊಡುವ ಮೊದಲು ಗಂಗಾವತಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಆತ ಮೊದಲು ಫ್ಯೂಸ್ ನೋಡಿದ, ಗೇಜ್ ಹಚ್ಚಿ ಗ್ಯಾಸ್ ಒತ್ತಡ ನೋಡಿದ. ಎರಡೂ ಸರಿ. ಆಮೇಲೆ ಸ್ಕ್ಯಾನರ್ ಜೋಡಿಸಿ ನಗತೊಡಗಿದ. "ನೋಡ್ರಿ ಅಜ್ಜಾರ, ಹೊರಗ 40 ಡಿಗ್ರಿ ಐತಿ, ನಿಮ್ಮ ಗಾಡಿ ಒಳಗ ಮೈನಸ್ 30 ಅಂತೈತಿ!"

ವಿಷಯ ಇಷ್ಟು. ಡ್ಯಾಶ್‌ಬೋರ್ಡಿನ ಹಿಂದೆ, ಗಾಳಿ ತಂಪಾಗುವ ಇವಾಪೊರೇಟರಿನಲ್ಲಿ ಕಡಲೆಕಾಳಿನಷ್ಟು ಸಣ್ಣ ಸೆನ್ಸರ್ ಇರುತ್ತದೆ. ಅದಕ್ಕೆ ಥರ್ಮಿಸ್ಟರ್ ಎನ್ನುತ್ತಾರೆ. ತಾಮ್ರದ ತಂತಿ ಕಾದರೆ ವಿದ್ಯುತ್ತಿಗೆ ಅದರ ತಡೆ ಹೆಚ್ಚುತ್ತದೆ. ಇದರದು ಉಲ್ಟಾ: ಕಾದರೆ ತಡೆ ಕಡಿಮೆ, ತಣಿದರೆ ಹೆಚ್ಚು. ಇಂಥ ಉಲ್ಟಾ ಗುಣವನ್ನು ಬೆಳ್ಳಿಯ ಸಲ್ಫೈಡಿನಲ್ಲಿ ಮೈಕೆಲ್ ಫ್ಯಾರಡೆ 1833ರಲ್ಲೇ ಗುರುತಿಸಿದ್ದರು. ಕಾರಿನ ಕಂಪ್ಯೂಟರ್ ಈ ತಡೆಯನ್ನು ಓದಿ, ತೀರಾ ತಣ್ಣಗಾಗಿದ್ದರೆ ಮಂಜು ಕಟ್ಟದಿರಲೆಂದು ಕಂಪ್ರೆಸರ್ ನಿಲ್ಲಿಸುತ್ತದೆ.

ಈಗ ಯೋಚಿಸಿ. ತಂತಿ ಹರಿದರೆ ತಡೆ ಎಷ್ಟು? ಅಪಾರ! ಕಂಪ್ಯೂಟರ್ ಅದನ್ನು ಭಾರೀ ಚಳಿ ಎಂದು ತಿಳಿದು ಕಂಪ್ರೆಸರನ್ನು ಏಳಲು ಬಿಡುವುದಿಲ್ಲ. ಎರಡು ತಂತಿ ಒಂದಕ್ಕೊಂದು ತಾಗಿದರೆ ಇದರ ವಿರುದ್ಧ: ಭಾರೀ ಸೆಕೆ ಎಂದು ತಿಳಿದು ಓಡಿಸುತ್ತಲೇ ಇರುತ್ತದೆ, ಇವಾಪೊರೇಟರಿಗೆ ಮಂಜು ಹತ್ತಿ ಗಾಳಿ ಬರುವುದೇ ಕಟ್ಟುತ್ತದೆ.

ಸೆನ್ಸರ್ ಕೆಟ್ಟಿತ್ತೋ, ತಂತಿಯೋ? ಆತ ಸೆನ್ಸರ್ ಬಿಚ್ಚಿ ಮಲ್ಟಿಮೀಟರ್ ಹಿಡಿದ. ಬಿಸಿಯಲ್ಲಿ ಸುಮಾರು 1,200 ಓಮ್. ಮೊಮ್ಮಗಳು ಪಕ್ಕದ ಸೋಡಾ ಅಂಗಡಿಯಿಂದ ಒಂದು ಲೋಟ ಐಸ್ ನೀರು ತಂದಳು. ಅದರಲ್ಲಿ ಅದ್ದಿದಾಗ ಅಂಕಿ ಏರುತ್ತ ಏರುತ್ತ 7,000ದ ಹತ್ತಿರ ಹೋಯಿತು. (ಇದು ನಮ್ಮ ಗಾಡಿಯ ಲೆಕ್ಕ. ಗಾಡಿಯಿಂದ ಗಾಡಿಗೆ ಅಂಕಿ ಬೇರೆ.) ಸೆನ್ಸರ್ ನಿರಪರಾಧಿ!

ಇನ್ನು ತಂತಿಯ ವಿಚಾರಣೆ. ಕೀಲಿ ತಿರುಗಿಸಿ, ಸೆನ್ಸರಿಗೆ ಬರುವ ಎರಡು ತಂತಿಗಳ ನಡುವೆ ಅಳೆದ. 5 ವೋಲ್ಟ್ ಇರಬೇಕಾದಲ್ಲಿ ಸೊನ್ನೆ. ಮೀಟರಿನ ಒಂದು ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಮುಟ್ಟಿಸಿ ಅಳೆದ. ಈಗ 5 ವೋಲ್ಟ್ ಬಂತು. "ಬರೂ ತಂತಿ ಸರಿ ಐತಿ, ತಿರುಗಿ ಹೋಗೂ ತಂತಿ ಹರದೈತಿ" ಎಂದ. ಅದರ ಜಾಡು ಹಿಡಿದು ಹೋದರೆ ಇಲಿ ಕಡಿದ ಗುರುತು! ಬೆಸುಗೆ ಹಾಕಿ, ಕೊಳವೆ ತೊಡಿಸಿ, 300 ರೂಪಾಯಿ ತೆಗೆದುಕೊಂಡ. ಕಂಪ್ರೆಸರ್ ಟಕ್ ಎಂದು ತಿರುಗಿ ತಣ್ಣನೆಯ ಗಾಳಿ ಬಂತು.

ಮಕ್ಕಳೇ, ಕಾರಿನ ಏಸಿಗೆ ನೀವಾಗಿ ಕೈಹಾಕಬೇಡಿ. ಗ್ಯಾಸ್ ಪೈಪಿನಲ್ಲಿ ಒತ್ತಡವಿರುತ್ತದೆ, ಡ್ಯಾಶ್‌ಬೋರ್ಡಿನ ಆಸುಪಾಸು ಏರ್‌ಬ್ಯಾಗಿನ ತಂತಿಗಳಿರುತ್ತವೆ. ಆದರೆ "ಹೆಂಗ ಗೊತ್ತಾತು?" ಎಂದು ಕೇಳಲು ಹೆದರಬೇಡಿ. ಅಜ್ಜಂದಿರೇ, ಕೇಳಿದ ಮಗುವನ್ನು ಗದರಬೇಡಿ.

ಒಂದು ಲೆಕ್ಕ ಕೊಡುತ್ತೇನೆ. ಯಾವುದೇ ಎರಡಂಕಿಯ ಸಂಖ್ಯೆ ಬರೆದು, ಅಂಕಿ ಅದಲುಬದಲು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರವನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದೇ ಇಲ್ಲ. ನನ್ನ 270 ಕೂಡ ಹಾಗೆಯೇ. ಆ ಸಂಜೆ ಮೊದಲೇ 9ರಿಂದ ಭಾಗಿಸಿ ನೋಡಿದ್ದರೆ ಆ ಹುಡುಗನ ಕಣ್ಣು ತುಂಬುತ್ತಿರಲಿಲ್ಲ. ಮರುದಿನ ಎಲ್ಲರೆದುರು ಅವನ ಕ್ಷಮೆ ಕೇಳಿದೆ. ಅವನು ನಕ್ಕು ಚಹಾ ತರಿಸಿದ. ಆ ಚಹಾದ ಸಾಲ ನನ್ನ ಲೆಕ್ಕದಲ್ಲಿ ಇನ್ನೂ ಬಾಕಿ ಇದೆ.